ಡೆಲ್ಫಿಯನ್ನು ಸರಿಯಾಗಿ ನೋಡುವುದು ಹೇಗೆ: ಬೆಟ್ಟದ ಖಾಲಿ ಪೀಠಗಳಿಂದ ಮ್ಯೂಸಿಯಂನ ಕಂಚಿನ ಸಾರಥಿಯವರೆಗೆ

ಗ್ರೀಸ್‌ಗೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಅಥೆನ್ಸ್‌ನ ಅಕ್ರೊಪೊಲಿಸ್ ನೋಡಿ, ನೇರವಾಗಿ ಸ್ಯಾಂಟೊರಿನಿಗೆ ಹಡಗು ಹತ್ತುತ್ತಾರೆ. ಅಪೊಲೊ ದೇವರ ಪುರಾತನ ಕ್ಷೇತ್ರವಾದ ಡೆಲ್ಫಿಗೆ ಹೋಗುವವರು ಕಡಿಮೆ. ಹೋದವರೂ ಬೆಳಗ್ಗೆ ಟೂರಿಸ್ಟ್ ಬಸ್ಸಿನಲ್ಲಿ ಹೋಗಿ, ಗೈಡ್ ಹಿಂದೆ ಓಡಾಡಿ, ಸಂಜೆಗೆ ವಾಪಸ್ ಬಂದುಬಿಡುತ್ತಾರೆ. ಕೇಳಿದರೆ "ಕಲ್ಲುಗಳು ಜಾಸ್ತಿ, ಬಿಸಿಲು ಜಾಸ್ತಿ" ಅನ್ನುತ್ತಾರೆ. ಅದು ಅವರ ತಪ್ಪಲ್ಲ. ಡೆಲ್ಫಿ ಆತುರಕ್ಕೆ ಸಿಗುವ ಜಾಗವೇ ಅಲ್ಲ.

ಕಾರಣ ಇಷ್ಟೇ. ಇಲ್ಲಿ ಬೆಟ್ಟದ ಮೇಲೆ ಉಳಿದಿರುವುದು ಬಹುಪಾಲು ಅಡಿಪಾಯ, ಪೀಠ, ಮುರಿದ ಗೋಡೆ. ಅವುಗಳ ಮೇಲೆ ನಿಂತಿದ್ದ ವಿಗ್ರಹ, ಶಿಲ್ಪಪಟ್ಟಿ, ಕಾಣಿಕೆಗಳಲ್ಲಿ ಉಳಿದವು ಪಕ್ಕದ ಮ್ಯೂಸಿಯಂನಲ್ಲಿವೆ. ಎರಡೂ ಸೇರಿದರೆ ಒಂದು. ಹೊರಗೆ ಯಾವ ಪೀಠ ಖಾಲಿ ಇದೆ ಅಂತ ಗಮನಿಸಿ, ಒಳಗೆ ಹೋಗಿ ಅದರ ಮೇಲಿದ್ದದ್ದನ್ನು ಹುಡುಕಬೇಕು. ಈ ಮಾರ್ಗದರ್ಶಿಯನ್ನು ಆ ಜೋಡಣೆಗೆ ಅನುಕೂಲವಾಗುವ ಹಾಗೆ ಬರೆದಿದ್ದೇನೆ. ಒಂದು ರಾತ್ರಿ ಅಲ್ಲೇ ಉಳಿಯಿರಿ ಎನ್ನುವುದು ನನ್ನ ಮೊದಲ ಸಲಹೆ. ಉಳಿದದ್ದೆಲ್ಲ ಆಮೇಲೆ.

ಯಾವಾಗ ಹೋಗಬೇಕು

ಏಪ್ರಿಲ್ ಮಧ್ಯದಿಂದ ಮೇ ಕೊನೆವರೆಗೆ ಅತ್ಯುತ್ತಮ. ಬೆಟ್ಟದ ತುಂಬ ಕಾಡುಹೂವು ಇರುತ್ತದೆ, ಬಿಸಿಲು ಹಿತವಾಗಿರುತ್ತದೆ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಕೂಡ ಒಳ್ಳೆಯದು. ಜುಲೈ, ಆಗಸ್ಟ್‌ನಲ್ಲಿ ಹೋಗಲೇಬೇಕಾದರೆ ಬೆಳಗ್ಗೆ ಗೇಟು ತೆರೆಯುವ ಹೊತ್ತಿಗೆ ಅಲ್ಲಿರಿ. ಬಿಸಿಗಾಳಿ ಜಾಸ್ತಿಯಾದ ದಿನಗಳಲ್ಲಿ ಗ್ರೀಸ್‌ನಲ್ಲಿ ತೆರೆದ ಸ್ಮಾರಕಗಳನ್ನು ಮಧ್ಯಾಹ್ನ ಮುಚ್ಚುವುದೂ ಉಂಟು.

ಚಳಿಗಾಲದಲ್ಲಿ ಜನ ಇರುವುದಿಲ್ಲ, ಆದರೆ ಚಳಿ ಜೋರು. ಡೆಲ್ಫಿ ಇರುವುದು ಪರ್ನಾಸಸ್ ಪರ್ವತದ ಇಳಿಜಾರಿನಲ್ಲಿ, ಸಮುದ್ರಮಟ್ಟದಿಂದ ಐನೂರು ಮೀಟರ್‌ಗೂ ಹೆಚ್ಚು ಎತ್ತರದಲ್ಲಿ. ಅದೇ ಪರ್ವತದ ಮೇಲ್ಭಾಗದಲ್ಲಿ ಹಿಮದ ಮೇಲೆ ಸ್ಕೀ ಆಡುತ್ತಾರೆ ಅಂದರೆ ಊಹಿಸಿಕೊಳ್ಳಿ. ಬೇಸಿಗೆಯಲ್ಲಿ ಸಾಮಾನ್ಯವಾಗಿ ಬೆಳಗ್ಗೆ 8ಕ್ಕೆ ತೆರೆದು ಸಂಜೆವರೆಗೂ ಇರುತ್ತದೆ. ಚಳಿಗಾಲದಲ್ಲಿ ಮಧ್ಯಾಹ್ನ ಮೂರೂವರೆಯ ಸುಮಾರಿಗೇ ಮುಚ್ಚಿಬಿಡುತ್ತಾರೆ. ಮ್ಯೂಸಿಯಂನ ಸಮಯ ಸ್ವಲ್ಪ ಬೇರೆ ಇರಬಹುದು. ಹಿಂದಿನ ದಿನವೇ ಅಧಿಕೃತ ಜಾಲತಾಣದಲ್ಲಿ ನೋಡಿಕೊಳ್ಳಿ.

ರಜಾದಿನಗಳನ್ನು ಮರೆಯಬೇಡಿ. ಜನವರಿ 1, ಮಾರ್ಚ್ 25, ಮೇ 1, ಆರ್ಥೊಡಾಕ್ಸ್ ಈಸ್ಟರ್ ಭಾನುವಾರ, ಡಿಸೆಂಬರ್ 25 ಮತ್ತು 26ರಂದು ಮುಚ್ಚಿರುತ್ತದೆ. ಆರ್ಥೊಡಾಕ್ಸ್ ಈಸ್ಟರ್ ನಮ್ಮ ಕ್ಯಾಲೆಂಡರಿನ ಈಸ್ಟರ್ ದಿನಕ್ಕೇ ಬರಬೇಕೆಂದಿಲ್ಲ, ಆ ವರ್ಷದ ದಿನಾಂಕ ಬೇರೆಯಾಗಿ ಹುಡುಕಿ.

ವೀಸಾ, ವಿಮಾನ, ಟಿಕೆಟ್

ಭಾರತದ ಪಾಸ್‌ಪೋರ್ಟ್ ಇದ್ದರೆ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಕನಿಷ್ಠ 15 ದಿನ ಮುಂಚೆ ಹಾಕಿರಬೇಕು. ಬೇಸಿಗೆ ರಜೆಯ ಸಮಯದಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಹಾಗಾಗಿ ಎರಡು ಮೂರು ತಿಂಗಳು ಮುಂಚೆ ಶುರುಮಾಡಿ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಹಲವು ಷೆಂಗೆನ್ ದೇಶ ಸುತ್ತುವವರಾದರೆ, ಎಲ್ಲಿ ಹೆಚ್ಚು ರಾತ್ರಿ ಕಳೆಯುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ಬೆಂಗಳೂರಿನಿಂದ ಹೋಗುವವರು ಸಾಮಾನ್ಯವಾಗಿ ಕೊಲ್ಲಿ ದೇಶಗಳ ಮೂಲಕ ಇಲ್ಲವೇ ಇಸ್ತಾನ್‌ಬುಲ್ ಮೂಲಕ ಅಥೆನ್ಸ್ ತಲುಪುತ್ತಾರೆ. ಇಸ್ತಾನ್‌ಬುಲ್ ಮೂಲಕ ಹೋಗುವುದರಲ್ಲಿ ಒಂದು ಲಾಭ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಡೆಲ್ಫಿಯ ಟಿಕೆಟನ್ನು ಗ್ರೀಸ್ ಸಂಸ್ಕೃತಿ ಸಚಿವಾಲಯದ ಅಧಿಕೃತ ಇ-ಟಿಕೆಟ್ ತಾಣದಲ್ಲೇ ತೆಗೆದುಕೊಳ್ಳಿ. ಸರ್ಚ್ ಮಾಡಿದಾಗ ಮೊದಲು ಕಾಣುವ ತಾಣಗಳಲ್ಲಿ ಹಲವು ಮಧ್ಯವರ್ತಿಗಳವು. ಅವರು ಆಡಿಯೋ ಗೈಡ್ ಸೇರಿಸಿ ಜಾಸ್ತಿ ದುಡ್ಡು ತೆಗೆದುಕೊಳ್ಳುತ್ತಾರೆ. ಅವಶೇಷಗಳ ಜಾಗ ಮತ್ತು ಮ್ಯೂಸಿಯಂ ಎರಡಕ್ಕೂ ಸೇರಿ ಒಂದೇ ಟಿಕೆಟ್ ಇರುತ್ತದೆ. ಎರಡೂ ನೋಡಿ ಮುಗಿಯುವವರೆಗೆ ಅದನ್ನು ಬಿಸಾಡಬೇಡಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ತಿಂಗಳ ಮೊದಲ ಭಾನುವಾರ, ಮತ್ತೆ ಏಪ್ರಿಲ್ 18, ಮೇ 18, ಅಕ್ಟೋಬರ್ 28ರಂಥ ಕೆಲವು ದಿನ ಪ್ರವೇಶ ಉಚಿತ. ಆದರೆ ಆ ದಿನಗಳಲ್ಲಿ ಜನಸಂದಣಿ ಇರುತ್ತದೆ. ವಿಮಾನಕ್ಕೆ ಅಷ್ಟು ಖರ್ಚು ಮಾಡಿ ಹೋದ ಮೇಲೆ ಇಲ್ಲಿ ಉಳಿತಾಯ ನೋಡುವುದು ಬೇಡ ಅಂತ ನನ್ನ ಅನಿಸಿಕೆ.

ಅಥೆನ್ಸ್‌ನಿಂದ ದಾರಿ

ದೂರ ಸುಮಾರು 180 ಕಿಲೋಮೀಟರ್. ಕೆಟೆಲ್ ಎಂಬ ಸಾರ್ವಜನಿಕ ಬಸ್‌ಗಳು ಸುಮಾರು ಮೂರು ಗಂಟೆಯಲ್ಲಿ ಮುಟ್ಟಿಸುತ್ತವೆ. ಅಥೆನ್ಸ್‌ನಲ್ಲಿ ದೂರದ ಊರಿನ ಬಸ್ ನಿಲ್ದಾಣ ಒಂದಕ್ಕಿಂತ ಹೆಚ್ಚು ಇವೆ. ಡೆಲ್ಫಿ ಬಸ್ ಬಹಳ ಕಾಲದಿಂದ ಹೊರಡುತ್ತಿರುವುದು ಲಿಯೋಸಿಯಾನ್ ನಿಲ್ದಾಣದಿಂದ, ಕಿಫಿಸೋಸ್ ನಿಲ್ದಾಣದಿಂದ ಅಲ್ಲ. ಟಿಕೆಟ್ ತೆಗೆಯುವಾಗ ನಿಲ್ದಾಣದ ಹೆಸರನ್ನು ಇನ್ನೊಮ್ಮೆ ಖಚಿತ ಮಾಡಿಕೊಂಡು ಟ್ಯಾಕ್ಸಿ ಹಿಡಿಯಿರಿ. ದಿನಕ್ಕೆ ಕೆಲವೇ ಬಸ್ ಇರುತ್ತವೆ. ವಾಪಸ್ ಟಿಕೆಟನ್ನೂ ಮುಂಚೆಯೇ ತೆಗೆದಿಟ್ಟರೆ ನೆಮ್ಮದಿ.

ಬಸ್ಸಿನಲ್ಲಿ ಎಡಗಡೆ ಕೂತುಕೊಳ್ಳಿ. ಅರಾಖೋವಾ ಎಂಬ ಬೆಟ್ಟದ ಊರು ದಾಟಿದ ಮೇಲೆ ಎಡಕ್ಕೆ ಪ್ಲೈಸ್ಟೋಸ್ ಕಣಿವೆ ತೆರೆದುಕೊಳ್ಳುತ್ತದೆ. ಬಲಕ್ಕೆ ಬಂಡೆಗೋಡೆ, ಎಡಕ್ಕೆ ಪಾತಾಳ. ಕಾರು ಬಾಡಿಗೆಗೆ ತೆಗೆದುಕೊಳ್ಳುವವರು ನಮ್ಮ ಆರ್‌ಟಿಒದಲ್ಲಿ ಅಂತಾರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡು ಹೋಗಬೇಕು. ಅಲ್ಲಿ ರಸ್ತೆಯ ಬಲಗಡೆ ಓಡಿಸಬೇಕು ಎನ್ನುವುದು ನೆನಪಿರಲಿ. ಕೊನೆಯ ಹತ್ತು ಕಿಲೋಮೀಟರ್ ತಿರುವಿನ ಹಾದಿ.

ಬಸ್ ನಿಲ್ಲುವುದು ಈಗಿನ ಡೆಲ್ಫಿ ಹಳ್ಳಿಯಲ್ಲಿ. ಪುಟ್ಟ ಊರು, ಬೆಟ್ಟಕ್ಕೆ ಅಂಟಿಕೊಂಡ ಕೆಲವೇ ಬೀದಿಗಳು. ಅಲ್ಲಿಂದ ಮ್ಯೂಸಿಯಂಗೂ ಅವಶೇಷಗಳಿಗೂ ನಡೆದೇ ಹೋಗಬಹುದು, ಹತ್ತು ಹದಿನೈದು ನಿಮಿಷ. ಕೋಣೆ ಬುಕ್ ಮಾಡುವಾಗ ಕಣಿವೆ ಕಡೆ ಬಾಲ್ಕನಿ ಇರುವುದನ್ನೇ ಕೇಳಿ. ಕೆಳಗೆ ಇಟಿಯಾ ಊರಿನ ಕಡಲವರೆಗೂ ಒಂದೇ ಸಮನೆ ಆಲಿವ್ ತೋಪು. ಅದನ್ನು ನೋಡುತ್ತಾ ಕೂತರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ.

ಹೋಗುವ ಮುಂಚೆ ಇಷ್ಟು ತಿಳಿದಿರಲಿ

ಡೆಲ್ಫಿ ಅಪೊಲೊ ದೇವರ ಕ್ಷೇತ್ರ. ಇಲ್ಲಿ ಪೈಥಿಯಾ ಎಂಬ ಪೂಜಾರಿಣಿಯ ಬಾಯಲ್ಲಿ ದೇವರು ನುಡಿ ಕೊಡುತ್ತಾನೆ ಎಂದು ಗ್ರೀಕರು ನಂಬಿದ್ದರು. ಯುದ್ಧಕ್ಕೆ ಹೋಗಲೇ, ಹೊಸ ಊರು ಎಲ್ಲಿ ಕಟ್ಟಲಿ, ಬರಗಾಲಕ್ಕೆ ಏನು ಪರಿಹಾರ ಎಂದು ರಾಜರೂ ನಗರಗಳೂ ಕೇಳಲು ಬರುತ್ತಿದ್ದರು. ತಿಂಗಳಿಗೆ ಒಂದೇ ದಿನ, ಏಳನೇ ತಾರೀಕು, ನುಡಿ ಸಿಗುತ್ತಿತ್ತು. ಚಳಿಗಾಲದ ಮೂರು ತಿಂಗಳು ಅಪೊಲೊ ಊರಲ್ಲಿ ಇರುವುದಿಲ್ಲ, ಆಗ ಪ್ರಶ್ನೆಯೂ ಇಲ್ಲ. ಲಿಡಿಯಾದ ರಾಜ ಕ್ರೀಸಸ್ ಪರ್ಷಿಯಾದ ಮೇಲೆ ದಂಡೆತ್ತಿ ಹೋಗಲೇ ಎಂದು ಕೇಳಿಸಿದಾಗ, ಹೋದರೆ ಒಂದು ದೊಡ್ಡ ಸಾಮ್ರಾಜ್ಯ ಬೀಳುತ್ತದೆ ಎಂದು ಉತ್ತರ ಬಂತಂತೆ. ಬಿದ್ದದ್ದು ಅವನದೇ ಸಾಮ್ರಾಜ್ಯ. ಈ ಕಥೆಯನ್ನು ಹೇಳಿದವನು ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೊಟಸ್.

ಪೈಥಿಯಾಳಿಗೆ ಆವೇಶ ಬರುತ್ತಿದ್ದದ್ದು ನೆಲದಿಂದ ಏಳುವ ಆವಿಯಿಂದ ಎಂದು ಹಳಬರು ಬರೆದಿದ್ದಾರೆ. ಭೂವಿಜ್ಞಾನಿಗಳು ಇಲ್ಲಿ ನೆಲದ ಬಿರುಕುಗಳನ್ನು ಗುರುತಿಸಿ, ಎಥಿಲೀನ್ ಅನಿಲ ಇದ್ದಿರಬಹುದು ಎಂದು 2001ರಲ್ಲಿ ವಾದಿಸಿದರು. ಅದನ್ನು ಒಪ್ಪದವರೂ ಇದ್ದಾರೆ. ಗೈಡ್‌ಗಳು ಇದನ್ನು ಸಾಬೀತಾದ ಸಂಗತಿ ಎನ್ನುವಂತೆ ಹೇಳುವುದುಂಟು. ವಾದ ಇನ್ನೂ ಮುಗಿದಿಲ್ಲ ಎನ್ನುವುದು ನಿಮಗೆ ಗೊತ್ತಿರಲಿ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಆಗ ಗ್ರೀಸ್ ಎಂಬ ಒಂದು ದೇಶ ಇರಲಿಲ್ಲ. ಒಬ್ಬರಿಗೊಬ್ಬರು ಆಗದ ಹತ್ತಾರು ನಗರಗಳಿದ್ದವು. ಎಲ್ಲರೂ ಬರುತ್ತಿದ್ದ ಜಾಗ ಇದು. ಹಾಗಾಗಿ ಪ್ರತಿಯೊಂದು ನಗರವೂ ಗೆದ್ದ ಯುದ್ಧದ ಕೊಳ್ಳೆಯಲ್ಲಿ ಒಂದು ಪಾಲನ್ನು ಇಲ್ಲಿಗೆ ತಂದು, ಉಳಿದವರ ಕಣ್ಣಿಗೆ ಬೀಳುವಂತೆ ಕಟ್ಟಡವನ್ನೋ ವಿಗ್ರಹವನ್ನೋ ನಿಲ್ಲಿಸುತ್ತಿತ್ತು. ನಮ್ಮ ಯಾತ್ರಾಸ್ಥಳಗಳಲ್ಲಿ ಒಂದೊಂದು ಊರಿನವರು ಛತ್ರ ಕಟ್ಟಿಸಿ ಹೆಸರು ಕೆತ್ತಿಸುತ್ತಾರಲ್ವಾ, ಹಾಗೆ. ಆದರೆ ಇಲ್ಲಿ ಪಕ್ಕದ ಛತ್ರದವರನ್ನು ಯುದ್ಧದಲ್ಲಿ ಸೋಲಿಸಿದ್ದೇವೆ ಎಂದೂ ಬರೆಸುತ್ತಿದ್ದರು. ಈ ಪೈಪೋಟಿ ಮನಸ್ಸಿನಲ್ಲಿದ್ದರೆ ಪ್ರತಿ ಕಲ್ಲಿಗೂ ಅರ್ಥ ಬರುತ್ತದೆ.

ಬೆಳಗ್ಗೆ: ಪವಿತ್ರ ಮಾರ್ಗ ಹತ್ತುವುದು

ಮೊದಲು ಬೆಟ್ಟ, ಆಮೇಲೆ ಮ್ಯೂಸಿಯಂ. ಹತ್ತುವ ಕೆಲಸ ತಂಪು ಹೊತ್ತಿನಲ್ಲಿ ಮುಗಿಯುತ್ತದೆ. ಅಥೆನ್ಸ್‌ನ ಟೂರಿಸ್ಟ್ ಬಸ್‌ಗಳು ಬರುವ ಮುಂಚೆ ನೀವು ಮೇಲೆ ತಲುಪಿರುತ್ತೀರಿ. ಊರಲ್ಲೇ ಉಳಿದುಕೊಂಡದ್ದರ ಫಲ ಇದು. ಹಿಡಿತ ಇರುವ ಶೂ, ಟೋಪಿ, ಒಬ್ಬೊಬ್ಬರಿಗೆ ಒಂದು ಲೀಟರ್ ನೀರು ಇರಲಿ. ಶತಮಾನಗಳ ಕಾಲ ಜನ ನಡೆದ ಕಲ್ಲು ನುಣುಪಾಗಿದೆ, ಚಪ್ಪಲಿಯಲ್ಲಿ ಜಾರುತ್ತದೆ.

ಒಳಗೆ ಹೋದ ಕೂಡಲೇ ರೋಮನ್ನರ ಕಾಲದ ಸಣ್ಣ ಮಾರುಕಟ್ಟೆಯ ಅಂಗಳ ಸಿಗುತ್ತದೆ. ಇಲ್ಲಿ ಜಾಸ್ತಿ ನಿಲ್ಲಬೇಕಿಲ್ಲ. ಮುಂದೆ ಕಲ್ಲು ಹಾಸಿದ ಪವಿತ್ರ ಮಾರ್ಗ ಶುರುವಾಗುತ್ತದೆ. ಎರಡೂ ಬದಿ ಪೀಠಗಳ ಸಾಲು. ಸ್ಪಾರ್ಟಾದವರು ಅಥೆನ್ಸನ್ನು ಸೋಲಿಸಿದ ನೆನಪಿಗೆ ಇಲ್ಲಿ ವಿಗ್ರಹಗಳ ಸಾಲನ್ನೇ ನಿಲ್ಲಿಸಿದ್ದರು. ಆಮೇಲೆ ಸ್ಪಾರ್ಟಾಗೆ ಸೋಲಾದಾಗ ಗೆದ್ದವರು ಅದರ ಹತ್ತಿರವೇ ತಮ್ಮದನ್ನು ಕಟ್ಟಿದರು. ಕಂಚಿನ ಆ ವಿಗ್ರಹಗಳೆಲ್ಲ ಹೋಗಿವೆ, ಅರ್ಧಚಂದ್ರಾಕಾರದ ಅಡಿಪಾಯ ಮಾತ್ರ ಇದೆ.

ದಾರಿ ಬಲಕ್ಕೆ ಹೊರಳುವ ಮುಂಚೆ ಸಿಫ್ನೋಸ್ ದ್ವೀಪದವರ ಖಜಾನೆಯ ಅಡಿಪಾಯ ಇದೆ. ಖಜಾನೆ ಅಂದರೆ ಗುಡಿಯ ಆಕಾರದ ಚಿಕ್ಕ ಕಟ್ಟಡ, ಆ ಊರಿನ ಕಾಣಿಕೆಗಳನ್ನು ಇಡಲು. ಸಿಫ್ನೋಸ್‌ನಲ್ಲಿ ಚಿನ್ನ ಬೆಳ್ಳಿ ಗಣಿಗಳಿದ್ದವು. ಆ ದುಡ್ಡಿನಲ್ಲಿ ಕ್ರಿ.ಪೂ. 525ರ ಸುಮಾರಿಗೆ ಇದನ್ನು ಕಟ್ಟಿದರು. ಈಗ ಇಲ್ಲಿ ನೋಡಲು ಏನೂ ಇಲ್ಲ ಅನಿಸುತ್ತದೆ. ಜಾಗವನ್ನು ಮಾತ್ರ ನೆನಪಿಟ್ಟುಕೊಳ್ಳಿ. ಇದು ನಿಮ್ಮ ಮೊದಲ ಖಾಲಿ ಜಾಗ.

ತಿರುವಿನಲ್ಲಿ ಕಾಣುವುದು ಅಥೆನ್ಸ್‌ನವರ ಖಜಾನೆ. ಇದೊಂದು ಪೂರ್ತಿ ನಿಂತಿದೆ. ಇಲ್ಲಿ ಅಗೆತ ನಡೆಸಿದ ಫ್ರೆಂಚರು 1903ರಿಂದ 1906ರ ನಡುವೆ ಬಿದ್ದ ಕಲ್ಲುಗಳನ್ನೇ ಜೋಡಿಸಿ ಮತ್ತೆ ಕಟ್ಟಿದರು. ಅಥೆನ್ಸ್‌ನವರು ಪರ್ಷಿಯನ್ನರನ್ನು ಸೋಲಿಸಿದ ಕ್ರಿ.ಪೂ. 490ರ ಮ್ಯಾರಥಾನ್ ಯುದ್ಧದ ಕೊಳ್ಳೆಯಿಂದ ಇದನ್ನು ಕಟ್ಟಿದರು ಎಂದು ಎರಡನೇ ಶತಮಾನದ ಪ್ರವಾಸಿ ಪಾಸೇನಿಯಸ್ ಬರೆದಿದ್ದಾನೆ. ಇದರ ಗೋಡೆಯ ಮೇಲೆ ಎರಡು ಸ್ತುತಿಗೀತೆ ಕೆತ್ತಿದ್ದರು, ಸ್ವರಲಿಪಿಯ ಸಮೇತ. ಆ ಕಲ್ಲುಗಳೂ ಮ್ಯೂಸಿಯಂನಲ್ಲಿವೆ.

ಇನ್ನು ಸ್ವಲ್ಪ ಮೇಲೆ ಬಂದರೆ ಎಡಕ್ಕೆ ಉದ್ದನೆಯ ಗೋಡೆ. ದಯವಿಟ್ಟು ಇದನ್ನು ದಾಟಿ ಹೋಗಿಬಿಡಬೇಡಿ. ಟೂರಿಸ್ಟ್ ಗುಂಪುಗಳು ಇಲ್ಲಿ ಒಂದು ನಿಮಿಷ ಕೂಡ ನಿಲ್ಲುವುದಿಲ್ಲ, ಆದರೆ ಡೆಲ್ಫಿಯಲ್ಲಿ ನನಗೆ ಅತ್ಯಂತ ಹತ್ತಿರವಾದ ಜಾಗ ಇದೇ. ದೇವಸ್ಥಾನದ ಜಗಲಿ ಕುಸಿಯದಂತೆ ಕ್ರಿ.ಪೂ. ಆರನೇ ಶತಮಾನದಲ್ಲಿ ಕಟ್ಟಿದ ಆಸರೆಗೋಡೆ. ಒಂದು ಕಲ್ಲಿನ ಆಕಾರ ಇನ್ನೊಂದಕ್ಕಿಲ್ಲ. ಬಾಗಿದ ಅಂಚುಗಳು ಒಂದರೊಳಗೊಂದು ಕೂತಿವೆ, ಗಾರೆ ಇಲ್ಲ. ಇಷ್ಟು ಭೂಕಂಪ ಆದರೂ ಅಲುಗಾಡಿಲ್ಲ.

ಈಗ ಹತ್ತಿರ ಹೋಗಿ, ಬೆಳಕು ಓರೆಯಾಗಿ ಬೀಳುವ ಕಡೆ ನೋಡಿ. ಕಲ್ಲಿನ ತುಂಬ ಸಣ್ಣ ಅಕ್ಷರಗಳು. ಸುಮಾರು 800 ಶಾಸನಗಳಿವೆ, ಹೆಚ್ಚಿನವು ಗುಲಾಮರ ಬಿಡುಗಡೆಯ ಪತ್ರಗಳು. ಗುಲಾಮನನ್ನು ಇಷ್ಟು ಬೆಲೆಗೆ ಅಪೊಲೊ ದೇವರಿಗೆ ಮಾರಿದ್ದೇನೆ ಎಂದು ಒಡೆಯ ಬರೆಸುತ್ತಾನೆ. ದೇವರು ಕೊಂಡ ಮೇಲೆ ಆ ವ್ಯಕ್ತಿ ಸ್ವತಂತ್ರ. ಹೆಸರು, ಬೆಲೆ, ಸಾಕ್ಷಿಗಳು ಎಲ್ಲ ಇರುತ್ತದೆ. ಕೆಲವದರಲ್ಲಿ ಷರತ್ತೂ ಇದೆ: ಒಡೆಯ ಸಾಯುವವರೆಗೆ ಜೊತೆಗೇ ಇದ್ದು ಸೇವೆ ಮಾಡಬೇಕು. ಗುಲಾಮ ತಾನೇ ದುಡ್ಡು ಕೊಟ್ಟು ಬಿಡುಗಡೆ ಪಡೆದ ಮೇಲೂ ಕಾಯಬೇಕಿತ್ತು. ರಾಜರ ಚಿನ್ನದ ಕಾಣಿಕೆಗಳೆಲ್ಲ ಕರಗಿಹೋದವು. ಇವರ ಹೆಸರು ಇನ್ನೂ ಓದಲು ಸಿಗುತ್ತದೆ.

ಗೋಡೆಯ ಮುಂದಿನ ಬಯಲಿನಲ್ಲಿ, ದಾರಿಯ ಕೆಳಗೆ, 1939ರಲ್ಲಿ ಎರಡು ಗುಂಡಿ ಸಿಕ್ಕವು. ಅವುಗಳೊಳಗೆ ಸುಟ್ಟ ದಂತ, ಚಿನ್ನ, ಬೆಳ್ಳಿ ತುಂಬಿತ್ತು. ಇದು ಎರಡನೆಯ ಜಾಗ, ನೆನಪಿರಲಿ. ಅಲ್ಲೇ ಹತ್ತಿರ ನಾಕ್ಸೋಸ್ ದ್ವೀಪದವರ ಎತ್ತರದ ಕಂಬ ಇತ್ತು, ತುದಿಯಲ್ಲಿ ಸ್ಫಿಂಕ್ಸ್. ಇದು ಮೂರನೆಯದು.

ಮೇಲೆ ತಿರುಗಿದಾಗ ಹೆಣೆದುಕೊಂಡ ಹಾವುಗಳ ಕಂಚಿನ ಕಂಬ ಕಾಣುತ್ತದೆ. ಕ್ರಿ.ಪೂ. 479ರಲ್ಲಿ ಪ್ಲಟೇಯಾದಲ್ಲಿ ಪರ್ಷಿಯನ್ನರನ್ನು ಸೋಲಿಸಿದ 31 ನಗರಗಳ ಹೆಸರನ್ನು ಮೂಲ ಕಂಬದ ಮೇಲೆ ಕೆತ್ತಿದ್ದರು. ಇಲ್ಲಿರುವುದು ನಕಲು. ಮೂಲವನ್ನು ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ತನ್ನ ಹೊಸ ರಾಜಧಾನಿಗೆ ಸಾಗಿಸಿದ. ಅದು ಇವತ್ತಿಗೂ ಇಸ್ತಾನ್‌ಬುಲ್‌ನ ಸುಲ್ತಾನ್‌ಅಹ್ಮೆತ್ ಚೌಕದಲ್ಲಿ ನಿಂತಿದೆ, ತಲೆಗಳಿಲ್ಲದೆ. ಇಸ್ತಾನ್‌ಬುಲ್ ಮೂಲಕ ಹೋಗುವ ಲಾಭ ಅಂದದ್ದು ಇದಕ್ಕೇ. ಅಲ್ಲಿ ಹೊರಗೆ ಬರಲು ಟರ್ಕಿಯ ವೀಸಾ ಬೇರೆ ಬೇಕು, ಅಷ್ಟೇ.

ಅಪೊಲೊ ದೇವಸ್ಥಾನದ ಜಗಲಿಗೆ ಬಂದಿರಿ. ಈಗ ಕಾಣುವುದು ಕ್ರಿ.ಪೂ. ನಾಲ್ಕನೇ ಶತಮಾನದ್ದು. ಅದಕ್ಕೂ ಮುಂಚಿನದು ಕ್ರಿ.ಪೂ. 373ರ ಭೂಕಂಪದಲ್ಲಿ ಬಿತ್ತು, ಅದಕ್ಕೂ ಹಿಂದಿನದು ಕ್ರಿ.ಪೂ. 548ರಲ್ಲಿ ಸುಟ್ಟುಹೋಗಿತ್ತು. ಆರು ಕಂಬಗಳನ್ನು ಮತ್ತೆ ನಿಲ್ಲಿಸಿದ್ದಾರೆ. "ನಿನ್ನನ್ನು ನೀನು ತಿಳಿ", "ಯಾವುದೂ ಅತಿಯಾಗದಿರಲಿ" ಎಂಬ ಮಾತುಗಳು ಇದರ ಮುಂಭಾಗದಲ್ಲಿದ್ದವು. ಒಳಗೆ ಹೋಗಲು ಬಿಡುವುದಿಲ್ಲ. ಒಳಭಾಗ ಚೆನ್ನಾಗಿ ಕಾಣುವುದು ಮೇಲಿನ ರಂಗಮಂದಿರದಿಂದ.

ರಂಗಮಂದಿರದಲ್ಲಿ 35 ಸಾಲು, ಸುಮಾರು 5,000 ಜನ ಕೂರುವಷ್ಟು. ಮೇಲಿನ ಸಾಲಿನ ಹತ್ತಿರದ ದಾರಿಯಲ್ಲಿ ನಿಂತರೆ ರಂಗ, ದೇವಸ್ಥಾನ, ಖಜಾನೆ, ಕಣಿವೆ ಒಂದೇ ನೋಟದಲ್ಲಿ ಬರುತ್ತವೆ. ಫೋಟೊಗೆ ಇದೇ ಜಾಗ. ಹತ್ತು ನಿಮಿಷ ಫೋನ್ ಒಳಗಿಟ್ಟು ಸುಮ್ನೆ ನಿಂತು, ಹತ್ತಿ ಬಂದ ದಾರಿಯನ್ನು ಕಣ್ಣಲ್ಲೇ ಮತ್ತೆ ಹತ್ತಿ. ಮ್ಯೂಸಿಯಂಗೆ ಹೋದಾಗ ಈ ನಕ್ಷೆ ಉಪಯೋಗಕ್ಕೆ ಬರುತ್ತದೆ.

ಇಲ್ಲಿಗೆ ಸುಸ್ತಾಗಿ ಹಿಂತಿರುಗುವವರೇ ಹೆಚ್ಚು. ಕಾಲಿಗೆ ಶಕ್ತಿ ಇದ್ದರೆ ಪೈನ್ ಮರಗಳ ನಡುವೆ ಇನ್ನೂ ಮೇಲಕ್ಕೆ ಹೋಗಿ. ಓಟದ ಮೈದಾನ ಸಿಗುತ್ತದೆ, ಉದ್ದ ಸುಮಾರು 177 ಮೀಟರ್. ಕಲ್ಲಿನ ಆಸನಗಳನ್ನು ಎರಡನೇ ಶತಮಾನದಲ್ಲಿ ಹೆರೋಡ್ಸ್ ಅಟಿಕಸ್ ಎಂಬ ಶ್ರೀಮಂತ ಮಾಡಿಸಿದ. ಪೈಥಿಯನ್ ಕ್ರೀಡೆಗಳ ಓಟಗಳು ಇಲ್ಲೇ ನಡೆಯುತ್ತಿದ್ದವು. ಕ್ರೀಡೆ ಅಂದರೂ ಅದು ಶುರುವಾದದ್ದು ಸಂಗೀತ ಸ್ಪರ್ಧೆಯಾಗಿ. ಅಪೊಲೊ ಸಂಗೀತದ ದೇವರು. ಗೆದ್ದವರಿಗೆ ಸಿಗುತ್ತಿದ್ದದ್ದು ಲಾರೆಲ್ ಎಲೆಯ ಕಿರೀಟ. ಮೈದಾನಕ್ಕೆ ಇಳಿಯಲು ಬಿಡುವುದಿಲ್ಲ, ಬೇಲಿಯ ಆಚೆಯಿಂದಲೇ ನೋಡಬೇಕು.

ಮೈದಾನವೂ ಸೇರಿ ಎರಡರಿಂದ ಎರಡೂವರೆ ಗಂಟೆ ಬೇಕು.

ಮಧ್ಯಾಹ್ನ: ಮ್ಯೂಸಿಯಂ

ಹೊರಗೆ ಬಿಸಿಲು ಏರುವ ಹೊತ್ತಿಗೆ ಮ್ಯೂಸಿಯಂಗೆ ಬನ್ನಿ. ದೊಡ್ಡ ಕಟ್ಟಡವಲ್ಲ, ಒಂದೂವರೆ ಎರಡು ಗಂಟೆಯಲ್ಲಿ ನಿಧಾನವಾಗಿ ನೋಡಬಹುದು. ಕೊಠಡಿಗಳು ಹೆಚ್ಚುಕಡಿಮೆ ಕಾಲಾನುಕ್ರಮದಲ್ಲಿವೆ. ಎಲ್ಲ ಗಾಜಿನ ಪೆಟ್ಟಿಗೆಗಳ ಮುಂದೆಯೂ ನಿಲ್ಲಲು ಹೋದರೆ ಕೊನೆಯ ಕೋಣೆಗೆ ಬರುವಷ್ಟರಲ್ಲಿ ಕಣ್ಣು ದಣಿದಿರುತ್ತದೆ. ಕೊನೆಯ ಕೋಣೆಯಲ್ಲೇ ಸಾರಥಿ ಇರುವುದು. ಹಾಗಾಗಿ ಆಯ್ದು ನೋಡಿ.

ಬೆಳಗ್ಗೆ ನೆನಪಿಟ್ಟುಕೊಂಡ ಜಾಗಗಳನ್ನು ಒಂದೊಂದಾಗಿ ತುಂಬಿಕೊಳ್ಳೋಣ. ಸಿಫ್ನೋಸ್ ಖಜಾನೆಯ ಶಿಲ್ಪಪಟ್ಟಿ ಇಲ್ಲಿದೆ. ದೇವತೆಗಳು ದೈತ್ಯರ ಜೊತೆ ಕಾದಾಡುವ ಭಾಗ ನೋಡಿ. ರಥ ಎಳೆಯುವ ಸಿಂಹ ಒಬ್ಬ ದೈತ್ಯನ ಮೈಗೆ ಬಾಯಿ ಹಾಕಿದೆ. ಇದಕ್ಕೆಲ್ಲ ಬಣ್ಣ ಬಳಿದಿದ್ದರು, ಅಲ್ಲಲ್ಲಿ ಇನ್ನೂ ಸ್ವಲ್ಪ ಉಳಿದಿದೆ. ಗ್ರೀಕ್ ಶಿಲ್ಪ ಅಂದರೆ ಬರೀ ಬಿಳಿ ಎಂಬ ಕಲ್ಪನೆ ಇಲ್ಲಿ ಬಿಟ್ಟುಹೋಗುತ್ತದೆ. ಅದೇ ಕೊಠಡಿಯಲ್ಲಿ ನಾಕ್ಸೋಸ್‌ನ ಸ್ಫಿಂಕ್ಸ್ ಇದೆ. ಹೆಣ್ಣಿನ ಮುಖ, ಸಿಂಹದ ಮೈ, ರೆಕ್ಕೆ. ಕಂಬದ ಸಮೇತ ಹನ್ನೆರಡು ಮೀಟರ್‌ಗೂ ಹೆಚ್ಚು ಎತ್ತರದಲ್ಲಿ ಕೂತಿತ್ತು. ಈಗ ನಮ್ಮ ಕಣ್ಣಿಗೆ ಸಮೀಪ ಬಂದಿದೆ, ಹಾಗಾಗಿ ಕೆಳಗಿನಿಂದ ತಲೆಯೆತ್ತಿ ನೋಡುವಂತೆ ಕಲ್ಪಿಸಿಕೊಳ್ಳಬೇಕು.

ಗುಂಡಿಯಲ್ಲಿ ಸಿಕ್ಕಿದ್ದು ಕತ್ತಲೆ ಕೋಣೆಯಲ್ಲಿದೆ. ದಂತದ ಮುಖಗಳು ಬೆಂಕಿಯಲ್ಲಿ ಕಪ್ಪಾಗಿವೆ, ಮೇಲೆ ಚಿನ್ನದ ಕೂದಲು ಹೊಳೆಯುತ್ತದೆ. ಮರದ ಚೌಕಟ್ಟಿಗೆ ಬೆಳ್ಳಿ ತಗಡು ಹೊದಿಸಿ ಮಾಡಿದ್ದ ದೊಡ್ಡ ಹೋರಿಯ ತಗಡುಗಳನ್ನು ಜೋಡಿಸಿಟ್ಟಿದ್ದಾರೆ. ದೇವರಿಗೆ ಅರ್ಪಿಸಿದ್ದು ಹಾಳಾದರೂ ಬಿಸಾಡುವಂತಿಲ್ಲ ಎಂದು ಕ್ಷೇತ್ರದೊಳಗೇ ಹೂತಿಟ್ಟರು. ಆ ಶ್ರದ್ಧೆಯಿಂದಾಗಿ ನಮಗೆ ಇಷ್ಟಾದರೂ ಸಿಕ್ಕಿತು.

ಎರಡು ಮೀಟರಿನಷ್ಟು ಎತ್ತರದ ಅವಳಿ ಕಲ್ಲಿನ ಯುವಕರನ್ನು ಕ್ಲಿಯೋಬಿಸ್ ಮತ್ತು ಬೀಟನ್ ಎಂದು ಗುರುತಿಸುತ್ತಾರೆ. ಅಲ್ಲ ಎನ್ನುವ ವಿದ್ವಾಂಸರೂ ಇದ್ದಾರೆ. ಕಥೆ ಹೆರೊಡೊಟಸ್‌ನದು. ತಾಯಿ ದೇವಿಯ ಹಬ್ಬಕ್ಕೆ ಹೋಗಬೇಕು, ಎತ್ತುಗಳು ಬಂದಿಲ್ಲ. ಮಕ್ಕಳಿಬ್ಬರೂ ನೊಗಕ್ಕೆ ಹೆಗಲು ಕೊಟ್ಟು ಸುಮಾರು ಎಂಟು ಕಿಲೋಮೀಟರ್ ಗಾಡಿ ಎಳೆದರು. ಮನುಷ್ಯನಿಗೆ ಸಿಗಬಹುದಾದ ಅತ್ಯುತ್ತಮವಾದದ್ದನ್ನು ಇವರಿಗೆ ಕೊಡು ಎಂದು ತಾಯಿ ಬೇಡಿದಳು. ಅಂದು ಗುಡಿಯಲ್ಲೇ ಮಲಗಿದ ಮಕ್ಕಳು ಮತ್ತೆ ಏಳಲಿಲ್ಲ. ಶಿಲ್ಪಿ ಮಾಡಿದ ಆ ದಪ್ಪ ತೋಳು, ಬಿಗಿದ ಮುಷ್ಟಿ ನೋಡುವಾಗ ಗಾಡಿ ಎಳೆದದ್ದು ನಿಜ ಅನಿಸುತ್ತದೆ.

ಸಂಗೀತ ಗೊತ್ತಿರುವವರು ಆ ಸ್ತುತಿಗೀತೆಯ ಕಲ್ಲುಗಳ ಮುಂದೆ ನಿಲ್ಲಲೇಬೇಕು. ಸಾಹಿತ್ಯದ ಸಾಲಿನ ಮೇಲೆ ಸಣ್ಣ ಗುರುತುಗಳು ಕಾಣುತ್ತವೆ, ಅವೇ ಸ್ವರಗಳು. ಕ್ರಿ.ಪೂ. ಎರಡನೇ ಶತಮಾನದವು. ಇಂದಿಗೂ ಇವನ್ನು ಓದಿ ಹಾಡುತ್ತಾರೆ. ಹೋಗುವ ಮುಂಚೆ ಒಂದು ಧ್ವನಿಮುದ್ರಣ ಹುಡುಕಿ ಕೇಳಿ.

ರೋಮನ್ ಚಕ್ರವರ್ತಿ ಹೇಡ್ರಿಯನ್‌ನ ಪ್ರಿಯ ಯುವಕ ಆಂಟಿನೌಸ್‌ನ ಅಮೃತಶಿಲೆಯ ವಿಗ್ರಹ ದಾಟಿ ಸಾರಥಿಯ ಕೋಣೆಗೆ ಬನ್ನಿ. 1896ರಲ್ಲಿ ನೆಲದಿಂದ ಎದ್ದ ಈ ಕಂಚಿನ ಯುವಕನ ಎತ್ತರ 1.80 ಮೀಟರ್. ಸಿಸಿಲಿಯ ಗೆಲಾ ಊರಿನ ಒಡೆಯ ಪೊಲಿಜಲೋಸ್, ರಥದ ಸ್ಪರ್ಧೆ ಗೆದ್ದ ಸಂತೋಷಕ್ಕೆ ಕ್ರಿ.ಪೂ. 470ರ ದಶಕದಲ್ಲಿ ಅರ್ಪಿಸಿದ್ದು. ಕುದುರೆ, ರಥ ಎಲ್ಲ ಇತ್ತು. ಈಗ ಕುದುರೆ ಕಾಲು, ಬಾಲದಂಥ ತುಣುಕುಗಳು ಉಳಿದಿವೆ. ಭೂಕಂಪದಲ್ಲಿ ಹೂತುಹೋದದ್ದರಿಂದಲೇ ಯಾರೂ ಕರಗಿಸಲು ಆಗಲಿಲ್ಲ.

ಮೊದಲು ದೂರದಿಂದ ನೋಡಿ. ಆಮೇಲೆ ಮುಖ. ಒಳಗಿಂದ ಕೂರಿಸಿದ ಕಣ್ಣು, ಸುತ್ತ ಎಳೆ ಎಳೆಯಾಗಿ ರೆಪ್ಪೆ, ತಾಮ್ರದ ತುಟಿ. ಬಲಗೈಯಲ್ಲಿ ಇನ್ನೂ ಲಗಾಮು ಇದೆ. ಗೆದ್ದವನ ಅಬ್ಬರ ಮುಖದಲ್ಲಿ ಕಾಣುವುದಿಲ್ಲ. ಹಿಂದೆ ಹೋಗಿ: ಓಟದ ಗಾಳಿಗೆ ಉಬ್ಬದಂತೆ ಅಂಗಿಯನ್ನು ಪಟ್ಟಿಯಿಂದ ಬಿಗಿದಿದ್ದಾರೆ. ಕೊನೆಗೆ ಪಾದ ನೋಡಿ. ಬೆರಳು, ಉಗುರು, ನರ ಎಲ್ಲ ಇದೆ. ರಥದೊಳಗೆ ನಿಂತವನ ಪಾದ ಯಾರಿಗೂ ಕಾಣುತ್ತಿರಲಿಲ್ಲ. ಆದರೂ ಮಾಡಿದ್ದಾನೆ. ಈ ಕೋಣೆಗೆ ಅರ್ಧ ಗಂಟೆ ಇಟ್ಟುಕೊಳ್ಳಿ.

ಫೋಟೊ ತೆಗೆಯಬಹುದು, ಫ್ಲ್ಯಾಶ್ ಬೇಡ. ವಿಗ್ರಹದ ಪಕ್ಕ ನಿಂತು ಅದರಂತೆ ಪೋಸು ಕೊಟ್ಟರೆ ಕಾವಲಿನವರು ತಡೆಯುತ್ತಾರೆ. ಅಲ್ಲಿನವರಿಗೆ ಅದು ಅಗೌರವ. ಹೊರಗಡೆಯೂ ಕಲ್ಲಿನ ಮೇಲೆ ಹತ್ತುವುದು, ಚೂರು ಕಲ್ಲು ಜೇಬಿಗೆ ಹಾಕುವುದು ಬೇಡವೇ ಬೇಡ. ಅದು ಅಪರಾಧ.

ಸಂಜೆ: ಕೆಳಗಿನ ಗುಡಿಗಳು

ಊಟ, ಒಂದು ಸಣ್ಣ ನಿದ್ದೆ ಆದ ಮೇಲೆ ರಸ್ತೆಯಲ್ಲೇ ಪೂರ್ವಕ್ಕೆ ನಡೆಯಿರಿ. ದಾರಿಯಲ್ಲಿ ಕಸ್ಟಾಲಿಯಾ ಚಿಲುಮೆ ಸಿಗುತ್ತದೆ. ನುಡಿ ಕೇಳಲು ಬಂದವರು ಮೊದಲು ಇಲ್ಲಿ ಶುದ್ಧರಾಗಬೇಕಿತ್ತು. ಬಂಡೆ ಉರುಳುವ ಭಯಕ್ಕೆ ಹತ್ತಿರ ಬಿಡುವುದಿಲ್ಲ. ಭಯ ಸುಳ್ಳಲ್ಲ: 1905ರಲ್ಲಿ ಉರುಳಿದ ಬಂಡೆಗಳು ಕೆಳಗಿನ ಅಥೀನಾ ದೇವಿಯ ಗುಡಿಯ ಕಂಬಗಳನ್ನು ಕೆಡವಿದವು.

ಆ ಅಥೀನಾ ಕ್ಷೇತ್ರದಲ್ಲೇ ಡೆಲ್ಫಿಯ ಎಲ್ಲ ಪೋಸ್ಟ್‌ಕಾರ್ಡುಗಳಲ್ಲಿ ಕಾಣುವ ವೃತ್ತಾಕಾರದ ಕಟ್ಟಡ ಇದೆ. ಹೆಸರು ಥೋಲೋಸ್. ಕ್ರಿ.ಪೂ. 380ರ ಸುಮಾರಿನದು. ಹೊರಸುತ್ತಿನ ಇಪ್ಪತ್ತು ಕಂಬಗಳಲ್ಲಿ ಮೂರನ್ನು 1938ರಲ್ಲಿ ಎತ್ತಿ ನಿಲ್ಲಿಸಿದರು. ಇದು ಯಾತಕ್ಕೆ ಕಟ್ಟಿದ್ದು ಎಂದು ಯಾರಿಗೂ ಖಚಿತವಿಲ್ಲ. ಕೂರಲು ಜಾಗ, ಆಲಿವ್ ಮರದ ನೆರಳು ಎಲ್ಲ ಇದೆ. ಜನರೂ ಕಡಿಮೆ. ಮುಚ್ಚುವ ಸಮಯ ಬೆಳಗ್ಗೆಯೇ ಕೇಳಿಟ್ಟುಕೊಳ್ಳಿ.

ಊಟ, ಹಿರಿಯರು, ಮಕ್ಕಳು

ಸಸ್ಯಾಹಾರಿಗಳಿಗೆ ಗ್ರೀಸ್ ಕಷ್ಟವಲ್ಲ. ದೊಡ್ಡ ಬಿಳಿ ಕಾಳನ್ನು ಟೊಮೆಟೊ ಜೊತೆ ಬೇಯಿಸಿದ ಗಿಗಾಂಟೆಸ್, ಬೇಯಿಸಿದ ಸೊಪ್ಪು ಖೋರ್ತಾ, ಅಕ್ಕಿ ತುಂಬಿದ ಟೊಮೆಟೊ ಮತ್ತು ದಪ್ಪಮೆಣಸಿನಕಾಯಿ ಗೆಮಿಸ್ತಾ, ಪಾಲಕ್ ಹಾಕಿದ ಸ್ಪನಕೋಪಿತಾ ಎಲ್ಲ ಕಡೆ ಸಿಗುತ್ತವೆ. ಗೆಮಿಸ್ತಾಗೆ ಕೆಲವರು ಕೊಚ್ಚಿದ ಮಾಂಸ ಹಾಕುತ್ತಾರೆ, ಕೇಳಿಯೇ ತರಿಸಿ. ಉಪವಾಸದ ಅಡುಗೆಗೆ ಅಲ್ಲಿ ನಿಸ್ತೀಸಿಮೊ ಅನ್ನುತ್ತಾರೆ. ಅದರಲ್ಲಿ ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ. ಆದರೆ ಸಿಗಡಿ, ಆಕ್ಟೋಪಸ್ ಅವರ ಉಪವಾಸಕ್ಕೆ ನಡೆಯುತ್ತದೆ. ಎಚ್ಚರ.

ಮಂಡಿನೋವು ಇರುವ ಹಿರಿಯರು ಜೊತೆಗಿದ್ದರೆ ಅಥೆನ್ಸ್‌ನವರ ಖಜಾನೆವರೆಗೆ ನಿಧಾನವಾಗಿ ಕರೆದುಕೊಂಡು ಹೋಗಿ, ಅಲ್ಲಿಂದ ಹಿಂತಿರುಗಿ ಮ್ಯೂಸಿಯಂ ನೋಡಲಿ. ಮ್ಯೂಸಿಯಂನಲ್ಲಿ ನಡಿಗೆ ಸುಲಭ. ಮಕ್ಕಳಿಗೆ ಆ ಖಾಲಿ ಜಾಗಗಳನ್ನು ಹುಡುಕುವ ಕೆಲಸ ಕೊಡಿ. ಬೆಟ್ಟದಲ್ಲಿ ಖಾಲಿ ಪೀಠದ ಫೋಟೊ, ಮ್ಯೂಸಿಯಂನಲ್ಲಿ ಅದರ ಜೊತೆಗಾರನ ಫೋಟೊ. ಅವರು ದೊಡ್ಡವರಿಗಿಂತ ಚೆನ್ನಾಗಿ ನೋಡುತ್ತಾರೆ.

ಇನ್ನೊಂದು ದಿನ ಇದ್ದರೆ

ಈಗಿನ ಹಳ್ಳಿ ಇಲ್ಲಿಗೆ ಬಂದದ್ದೇ ಒಂದು ಕಥೆ. ಮೊದಲು ಕಾಸ್ಟ್ರಿ ಎಂಬ ಊರು ದೇವಸ್ಥಾನದ ಅವಶೇಷಗಳ ಮೇಲೇ ಇತ್ತು. 1892ರಲ್ಲಿ ಫ್ರೆಂಚರ ದೊಡ್ಡ ಅಗೆತ ಶುರುವಾದಾಗ ಅಷ್ಟೂ ಮನೆಗಳನ್ನು ಈಗಿನ ಜಾಗಕ್ಕೆ ಸ್ಥಳಾಂತರಿಸಿದರು. ನಾವು ನೋಡುವ ಪ್ರತಿ ಕಲ್ಲಿಗೂ ಆ ಜನ ಮನೆ ಬಿಟ್ಟುಕೊಟ್ಟಿದ್ದಾರೆ. ಊರಿನ ಬೀದಿಗಳಲ್ಲಿ ಒಂದು ಗಂಟೆ ತಿರುಗಾಡಿ, ಅಲ್ಲಿನ ಅಂಗಡಿಗಳಲ್ಲೇ ಏನಾದರೂ ಕೊಳ್ಳಿ.

ಕಾರು ಇದ್ದರೆ ಓಸಿಯೋಸ್ ಲೂಕಾಸ್ ಮಠಕ್ಕೆ ಹೋಗಬಹುದು, ಒಂದು ಗಂಟೆಯೊಳಗಿನ ದಾರಿ. ಹನ್ನೊಂದನೇ ಶತಮಾನದ ಮೊಸಾಯಿಕ್ ಚಿತ್ರಗಳಿವೆ. ಭುಜ, ಮಂಡಿ ಮುಚ್ಚುವ ಬಟ್ಟೆ ಹಾಕಿಕೊಂಡು ಹೋಗಿ. ಕಾರು ಇಲ್ಲದವರು ಊರಿನಿಂದ ಬಸ್ ಹಿಡಿದು ಇಟಿಯಾಗೆ ಇಳಿದು, ಕಡಲ ದಂಡೆಯಲ್ಲಿ ಊಟ ಮಾಡಿ ಬರಬಹುದು. ಅಥೆನ್ಸ್‌ಗೆ ಸಂಜೆಯ ಕೊನೆಯ ಬಸ್ ಎಷ್ಟಕ್ಕೆ ಎಂದು ಹೊರಡುವ ಮುಂಚೆ ವಿಚಾರಿಸಿಕೊಳ್ಳಿ. ಭಾನುವಾರ ಮತ್ತು ಹಬ್ಬದ ದಿನ ವೇಳಾಪಟ್ಟಿ ಬೇರೆ ಇರುತ್ತದೆ.